ನಮ್ಮ ಓಣಿಯ ಆಕೆ

ಹಾಲಗಟ್ಟಿಯ ಮಠಕ್ಕೆ ದೊಡ್ಡ ಕಮಾನು ಇರಲಿಲ್ಲ, ಬೆಳ್ಳಿಯ ಪಲ್ಲಕ್ಕಿ ಇರಲಿಲ್ಲ. ಎರಡು ಖೋಲಿ, ಒಂದು ಅಡುಗೆಮನೆ, ಅಂಗಳದಲ್ಲಿ ಒಂದು ಬೇವಿನ ಮರ, ಅಷ್ಟೇ. ಪೂಜ್ಯ ಶ್ರೀ ಮುಗ್ಧಲಿಂಗ ಶಿವಯೋಗಿಗಳು ಮೂವತ್ತೆರಡು ವರ್ಷ ಅಲ್ಲಿಯೇ ಇದ್ದರು. ಸುತ್ತಲಿನ ಹಳ್ಳಿಯವರೆಲ್ಲ ಅವರನ್ನು ಅಜ್ಜನವರು ಎಂದೇ ಕರೆಯುತ್ತಿದ್ದರು. ಅಜ್ಜನವರು ತಾಯಿತ ಕಟ್ಟುತ್ತಿರಲಿಲ್ಲ, ಭವಿಷ್ಯ ನುಡಿಯುತ್ತಿರಲಿಲ್ಲ. ಬಂದವರ ಮಾತು ಕೇಳುತ್ತಿದ್ದರು. ನಿದ್ದೆ ಬಾರದವರು, ಸಿಟ್ಟು ತಡೆಯಲಾರದವರು, ಒಂದೇ ಮನೆಯಲ್ಲಿದ್ದು ವರ್ಷಗಟ್ಟಲೆ ಮಾತು ಬಿಟ್ಟ ಗಂಡಹೆಂಡಿರು, ಪರೀಕ್ಷೆಯಲ್ಲಿ ನಪಾಸಾಗಿ ಬಾವಿಯ ಕಡೆ ನೋಡಿದವರು, ಇಂಥವರೇ ಅಲ್ಲಿಗೆ ಬರುವವರು. ಕೇಳುವಾಗ ಅಜ್ಜನವರ ಕೈ ಸುಮ್ಮನಿರುತ್ತಿರಲಿಲ್ಲ. ಕಡಲೆ ಹಸನು ಮಾಡುವುದೋ, ಬತ್ತಿ ಹೊಸೆಯುವುದೋ ನಡೆದೇ ಇರುತ್ತಿತ್ತು. ಎದುರಿಗೆ ಕುಳಿತವರ ಮುಂದೆಯೂ ಒಂದು ಬೊಗಸೆ ಕಡಲೆ ಸುರಿಯುತ್ತಿದ್ದರು. ಮುಖ ನೋಡಿ ಹೇಳಲಾಗದ್ದನ್ನು ಮನುಷ್ಯರು ಕಾಳು ನೋಡುತ್ತ ಹೇಳುತ್ತಾರೆಂಬುದು ಅವರಿಗೆ ಗೊತ್ತಿತ್ತು.

ಇಂಥ ಮಠಕ್ಕೆ ಒಂದು ಶನಿವಾರ ಕಾಶವ್ವ ಬಂದಳು. ಬಂದದ್ದು ಭಕ್ತಿಯಿಂದಲ್ಲ.

ಕಾಶವ್ವ ಯಾರೆಂದು ಹೇಳಬೇಕು. ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳದೊಂದು ಖಾನಾವಳಿ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು, ಒಂದು ಹಂಚು ಒಂದು ಪರಾತ ಇಟ್ಟುಕೊಂಡು ಶುರುಮಾಡಿ ಅರವತ್ತು ತಾಟಿನ ಪಂಕ್ತಿಯವರೆಗೆ ಏರಿಸಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಿರಾಕಿಗಳು ಬಿಟ್ಟುಹೋದ ಪತ್ರಿಕೆಯ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದು ಕಲಿತಳು. ಕಲಿತ ಮೊದಲ ವರ್ಷವೇ ಒಂದು ಹಲಗೆ ತರಿಸಿ, ತನ್ನ ಕೈಯಾರೆ ಬರೆದು ಬಾಗಿಲ ಮೇಲೆ ತೂಗುಹಾಕಿದಳು: ‘ಇಲ್ಲಿ ರೊಟ್ಟಿಗೆ ಹೆಸರಿಡಬಾರದು.’ ಹೆಸರಿಡುವ, ಅಂದರೆ ಕೊಂಕು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ, ಹೆಸರಿಡುವಂಥ ರೊಟ್ಟಿಯೂ ಅಲ್ಲಿ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ತನ್ನ ಒಲೆ ಒಂದು ದಿನವೂ ಆರಿಲ್ಲವೆಂದು ಅವಳು ಹೇಳಿಕೊಳ್ಳುತ್ತಿದ್ದಳು. ಅದು ಸುಳ್ಳೂ ಅಲ್ಲ.

ಅಂಥ ಹೆಂಗಸಿಗೆ ಆ ವರ್ಷ ಏನೋ ಆಗಿಹೋಯಿತು. ಮಧ್ಯಾಹ್ನ ಪಂಕ್ತಿ ತುಂಬಿ, ‘ಕಾಶವ್ವಾ, ರೊಟ್ಟಿ’ ಎಂದು ನಾಲ್ಕು ಕಡೆಯಿಂದ ಕೂಗು ಬರುವ ಹೊತ್ತಿಗೆ ಎದೆ ಹಿಡಿದಂತಾಗುತ್ತಿತ್ತು. ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು, ಕೈ ಜೋಮು ಹಿಡಿಯುತ್ತಿತ್ತು, ಬೆನ್ನೆಲ್ಲ ತಣ್ಣನೆ ಬೆವರು. ಇನ್ನೇನು ಸತ್ತೆ ಎಂದೇ ಅನ್ನಿಸುವುದು. ಹಿತ್ತಲಿಗೆ ಹೋಗಿ ಗೋಡೆ ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೆ ಇಳಿಯುವುದು. ಮರುದಿನ ಮತ್ತೆ. ಡಾಕ್ಟರು ಮಷಿನ್ ಹಚ್ಚಿ ನೋಡಿ, ಎದೆ ಎತ್ತಿನ ಎದೆಯಂತಿದೆ, ದಣಿದದ್ದು ಮನಸ್ಸು ಎಂದರು. ಗುಳಿಗೆ ಬರೆದುಕೊಟ್ಟು, ಮನಸ್ಸಿನ ಡಾಕ್ಟರರ ಹತ್ತಿರ ನಾಲ್ಕು ಸಲ ಹೋಗಿ ಮಾತಾಡಿ ಬನ್ನಿ ಎಂದೂ ಹೇಳಿದರು. ತನ್ನನ್ನು ಹುಚ್ಚಿ ಅಂದರಲ್ಲ ಎಂದು ಕಾಶವ್ವ ಕೆರಳಿ ಎದ್ದುಬಂದಳು. ಗುಳಿಗೆ ಸಾಸಿವೆ ಡಬ್ಬಿಯ ಹಿಂದೆ ಸೇರಿದವು.

ಕೊನೆಗೆ, ದೀಪಾವಳಿ ಪಾಡ್ಯಕ್ಕೆ ಖಾನಾವಳಿ ಮುಚ್ಚುವುದೆಂದು ಅವಳು ನಿಶ್ಚಯ ಮಾಡಿದಳು. ಪಂಕ್ತಿಯ ನಡುವೆ ಬಿದ್ದು ನಾಲ್ಕು ಮಂದಿ ಎತ್ತಿಕೊಂಡು ಹೋಗುವುದಕ್ಕಿಂತ ತಾನೇ ಬಾಗಿಲು ಹಾಕುವುದು ಮೇಲು. ಅವಳ ಜೊತೆ ಇಪ್ಪತ್ತು ವರ್ಷದಿಂದ ಕಾಯಿಪಲ್ಯ ಹೆಚ್ಚಿಕೊಂಡಿದ್ದ ತಂಗೆವ್ವ ಇದನ್ನು ಕೇಳಿ ಈಳಿಗೆ ಮಣೆ ಬಿಟ್ಟೆದ್ದಳು. ಹಾಲಗಟ್ಟಿ ಅಜ್ಜನವರನ್ನು ಒಮ್ಮೆ ಕಂಡು ಬಾ, ಹೋಗದಿದ್ದರೆ ನಿನಗೇನಾಗಿದೆಯೆಂದು ಓಣಿಯ ನಳದ ಹತ್ತಿರ ನಿಂತು ನಾನೇ ಹೇಳುತ್ತೇನೆ ಎಂದು ಹೆದರಿಸಿದಳು. ದುಡಿಯದೆ ಉಣ್ಣುವವರ ಕಾಲಿಗೆ ದುಡಿದು ಉಣ್ಣುವವರು ಯಾಕೆ ಬೀಳಬೇಕೆಂದು ಕಾಶವ್ವ ಗೊಣಗಿದಳು. ಆದರೂ ಮುಂಜಾನೆಯೇ ಅಂದಿನ ರೊಟ್ಟಿ ಬಡಿದಿಟ್ಟು, ಪಂಕ್ತಿಯನ್ನು ತಂಗೆವ್ವನಿಗೆ ಒಪ್ಪಿಸಿ ಬಸ್ಸು ಹತ್ತಿದಳು.

ಮಠದಲ್ಲಿ ಅಡುಗೆಯ ರುದ್ರಯ್ಯ ಶನಿವಾರಕ್ಕೊಮ್ಮೆ ತನ್ನೂರಿಗೆ ಹೋಗುವುದು ರೂಢಿ. ಆ ದಿನ ಅಜ್ಜನವರೇ ಒಲೆಯ ಮುಂದೆ ಕೂಡುತ್ತಿದ್ದರು. ಗದ್ದುಗೆಯ ಮೇಲೆ ಕೂತ ಸ್ವಾಮಿಯ ಜೊತೆ ವಾದಿಸಲು ಕಾಶವ್ವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಇಲ್ಲಿ ನೋಡಿದರೆ ಕಾವಿ ಮೇಲೆ ಕಟ್ಟಿ, ಮೊಣಕೈತನಕ ಹಿಟ್ಟು ಮೆತ್ತಿಕೊಂಡು, ಹೊಗೆಗೆ ಕಣ್ಣು ಕಿರಿದು ಮಾಡಿ ಕುಳಿತ ಹಿರಿಯರು. ಜೋಡಿಸಿಕೊಂಡ ಮಾತು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಂದು ಅಜ್ಜನವರು ಕೇಳಲಿಲ್ಲ. ಮೊದಲು ಉಣ್ಣಿರೆಂದು ತಾಟು ಮುಂದಿಟ್ಟರು.

ಕಾಶವ್ವ ಕುಳಿತು, ಇನ್ನೊಬ್ಬರು ಮಾಡಿ ಬಡಿಸಿದ ರೊಟ್ಟಿ ಉಂಡು ಎಷ್ಟೋ ವರ್ಷವಾಗಿತ್ತು. ಖಾನಾವಳಿಯಲ್ಲಿ ಅವಳದು ಎಲ್ಲರದಾದ ಮೇಲೆ, ನಿಂತೇ, ಎರಡು ತುತ್ತು. ಈಗ ಕುಳಿತಳು, ಮುರಿದಳು. ಅಂಚು ದಪ್ಪ, ನಡುವೆ ತೆಳುವು, ಬಿಸಿಲಿಗೆ ಬಿರಿದ ಎರೆಹೊಲದಂತೆ ಸೀಳು. ಸುಮ್ಮನಿರಬೇಕೆಂದು ಎರಡು ತುತ್ತಿನ ತನಕ ತಡೆದುಕೊಂಡಳು. ಮೂರನೆಯದಕ್ಕೆ ಆಗಲಿಲ್ಲ.

“ಅಜ್ಜಾರ, ತಪ್ಪು ತಿಳೀಬ್ಯಾಡ್ರಿ. ಈ ಹಿಟ್ಟಿಗೆ ಎಸರು ಇಟ್ಟಿಲ್ಲ ನೀವು.”

“ತಣ್ಣೀರಾಗ ಕಲಸೀನಿ,” ಎಂದರು ಅಜ್ಜನವರು.

“ಹಳೇ ಜೋಳ ಇದು, ಜಿಗಿ ಹೋಗೈತಿ. ಕುದಿಯೋ ನೀರು ಹೊಯ್ಯದಿದ್ರ ಹಿಟ್ಟು ಒಂದಕ್ಕೊಂದು ಹಿಡಿಯೂದಿಲ್ರಿ. ನಿಮ್ಮ ಅಡಗಿಯಾಂವ ಇದನ್ನೂ ಕಲಿಸಿಲ್ಲೇನು?”

“ನೀವು ಕಲಿಸ್ರಿ ಹಂಗಾರ,” ಎಂದು ಅಜ್ಜನವರು ಮಣೆ ಬಿಟ್ಟು ಸರಿದು ಕುಳಿತರು.

ಕಾಶವ್ವ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕುಳಿತಳು. ಎಸರಿಟ್ಟಳು, ಹಿಟ್ಟಿನ ನಡುವೆ ಕುಣಿ ಮಾಡಿ ಕುದಿನೀರು ಹೊಯ್ದಳು, ಅಂಗೈ ಬುಡದಿಂದ ನಾದಿದಳು. ಅಜ್ಜನವರು ಶಿಷ್ಯನಂತೆ ನೋಡುತ್ತಿದ್ದರು. ರೊಟ್ಟಿ ಕೈಯಡಿ ತಿರುಗತೊಡಗಿದ ಮೇಲೆ ಅವಳ ಬಾಯಿಯೂ ಸಡಿಲಾಯಿತು. ತನ್ನ ಸಲುವಾಗಿ ಬಂದಿಲ್ಲ ತಾನು, ನಮ್ಮ ಓಣಿಯಲ್ಲಿ ಒಬ್ಬಾಕೆ ಇದ್ದಾಳೆ ಎಂದು ಶುರುಮಾಡಿ, ಎದೆ ಹಿಡಿಯುವುದು, ಉಸಿರು ನಿಲ್ಲುವುದು, ಗೋಡೆ ಹಿಡಿದು ನಿಲ್ಲುವುದು, ಎಲ್ಲವನ್ನೂ ಆ ಓಣಿಯ ಆಕೆಯ ಮೇಲೆ ಹಾಕಿ ಹೇಳಿದಳು. ಅಜ್ಜನವರು ಆಕೆಯ ಹೆಸರು ಕೇಳಲಿಲ್ಲ.

“ಯಾವಾಗಿಂದ ಆಕಿಗೆ ಹಿಂಗ?”

“ಯುಗಾದಿ ಆದಮ್ಯಾಲಿಂದ್ರಿ.”

“ಯುಗಾದಿಗೆ ಏನಾತು?”

ಹಂಚಿನ ಮೇಲೆ ಆಗತಾನೆ ಒಂದು ರೊಟ್ಟಿ ಹಾಕಿದ್ದಳು. ಮೇಲ್ಮೈಗೆ ನೀರು ಸವರಲು ಅರಿವೆ ಎತ್ತಿದ ಕೈ ಅಲ್ಲೇ ನಿಂತಿತು. ಎದೆ ಹಿಡಿಯಿತು. ಮಠದ ಅಡುಗೆಮನೆಯಲ್ಲಿ, ಪರರ ಎದುರು, ಬರಬಾರದ ಜಾಗದಲ್ಲಿ ಅದು ಬಂದೇಬಿಟ್ಟಿತು. ಏಳಲು ನೋಡಿದಳು, ಕಾಲು ಏಳಲಿಲ್ಲ. ಅಜ್ಜನವರು ಗಾಬರಿಯಾಗಲಿಲ್ಲ. ನೀರು ತರಲು ಓಡಲಿಲ್ಲ, ದೇವರ ಹೆಸರು ಹೇಳಿರೆನ್ನಲಿಲ್ಲ, ಹೆದರಬೇಡಿರೆಂದೂ ಅನ್ನಲಿಲ್ಲ. ಅವಳ ಎದುರಿಗೆ ನೆಲದ ಮೇಲೆ ಬಂದು ಕುಳಿತರು.

“ಹೆದರಿಕಿ ಬಂದೈತಿ. ಬರಲಿ. ನಾ ಇಲ್ಲೇ ಕುಂತೀನಿ.”

ಹಂಚಿನ ಮೇಲಿನ ರೊಟ್ಟಿ ಕೆಂಪಾಯಿತು, ಕಪ್ಪಾಯಿತು, ಹೊಗೆ ಎದ್ದಿತು. ಆ ಸಂಕಟದಲ್ಲಿಯೂ ಕಾಶವ್ವನ ಕಣ್ಣು ಹಂಚಿನ ಮೇಲೇ ಇತ್ತು. ಕೈ ಚಾಚಿದರೆ ತೆಗೆಯಬಹುದಾದಷ್ಟು ಹತ್ತಿರ ಅಜ್ಜನವರು ಕುಳಿತಿದ್ದರು, ಕೈ ಚಾಚಲಿಲ್ಲ.

“ರೊಟ್ಟಿ ಸುಡಾಕತ್ತೈತ್ರಿ,” ಎಂದಳು ಏದುಸಿರಿನ ನಡುವೆ.

“ಸುಡಲಿ.”

ಆ ಒಂದು ಮಾತು ಅವಳ ಒಳಗೆ ಎಲ್ಲಿಗೋ ಹೋಗಿ ತಾಕಿತು. ಉಸಿರು ಮೆಲ್ಲನೆ ಕೆಳಗಿಳಿಯಿತು. ಈ ಸಲ ಅವಳು ಗೋಡೆ ಹಿಡಿದಿರಲಿಲ್ಲ, ಓಡಿಯೂ ಹೋಗಿರಲಿಲ್ಲ. ಅದು ಬಂದಿತ್ತು, ಇದ್ದಿತ್ತು, ತಾನಾಗಿ ಹೋಯಿತು. ಸುಟ್ಟ ರೊಟ್ಟಿಯನ್ನು ನೋಡುತ್ತಲೇ ಅವಳು ಯುಗಾದಿಯ ಮರುದಿನದ ಸಂಗತಿ ಹೇಳಿದಳು. ಓಣಿಯ ಆಕೆಯದೆಂದೇ ಹೇಳಿದಳು. ಆಕೆಯ ಅವ್ವ ಹಳ್ಳಿಯಲ್ಲಿ ತೀರಿಕೊಂಡ ಸುದ್ದಿ ಬಂದಾಗ ಹನ್ನೊಂದು ಗಂಟೆ. ಒಲೆ ಉರಿಯುತ್ತಿತ್ತು, ಅರವತ್ತು ತಾಟು ಹಾಕಿಯಾಗಿತ್ತು. ಒಲೆ ಎಂದೂ ಆರಿಲ್ಲವೆಂಬ ಹಮ್ಮು ಬೇರೆ. ಪಂಕ್ತಿ ಮುಗಿಸಿ ಹೋದರಾಯಿತೆಂದು ಕುಳಿತು ರೊಟ್ಟಿ ಬಡಿದಳು. ಹಳ್ಳಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಡೆದವ್ವನಿಗೆ ಕೊನೆಯದಾಗಿ ಹಾಕಬೇಕಾದ ಒಂದು ಹಿಡಿ ಮಣ್ಣನ್ನು ಊರವರೆಲ್ಲ ಹಾಕಿದರು, ಮಗಳೊಬ್ಬಳು ಹಾಕಲಿಲ್ಲ. ರಾತ್ರಿ ಬಸ್ಸಿಗೇ ತಿರುಗಿ ಬಂದು ಮರುದಿನ ಒಲೆ ಹಚ್ಚಿದಳು. ಯಾರಿಗೂ ಹೇಳಲಿಲ್ಲ.

ಅಜ್ಜನವರು ತಪ್ಪಲ್ಲ ಬಿಡಿ ಎಂದು ಸಮಾಧಾನ ಹೇಳಲಿಲ್ಲ, ಪಾಪವೆಂದು ಬೈಯಲೂ ಇಲ್ಲ.

“ಆಕಿ ಅತ್ತಾಳೇನು?” ಎಂದು ಕೇಳಿದರು.

“ಇಲ್ರಿ. ಆಕಿಗೆ ಪುರಸೊತ್ತು ಸಿಗಲಿಲ್ಲ.”

“ಇಲ್ಲಿ ಐತಿ ಪುರಸೊತ್ತು.”

ಕಾಶವ್ವ ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತಳು. ಐದು ತಿಂಗಳ ಅಳು. ಒಲೆಯ ಕೆಂಡ ಬೂದಿಯಾಗುವವರೆಗೆ ಅತ್ತಳು. ಅಜ್ಜನವರು ಕಡಲೆಯ ಮೊರ ಎಳೆದುಕೊಂಡು ಅಲ್ಲೇ ಹಸನು ಮಾಡುತ್ತ ಕುಳಿತರು. ಅವಳು ಕಣ್ಣೊರೆಸಿಕೊಂಡ ಮೇಲೆ ಹೇಳಿದರು.

“ಆಕಿಗೆ ಹೇಳ್ರಿ, ಒಂದು ದಿನ ಒಲಿ ಆರಿಸಿ ಅವ್ವನ ಕಡೆ ಹೋಗಿ ಬಾ ಅಂತ. ಗುಳಿಗಿನೂ ನುಂಗು ಅಂತ ಹೇಳ್ರಿ.”

ಕಾಶವ್ವ ಬೆಚ್ಚಿದಳು. ಗುಳಿಗೆಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ನಿಮಗೆ ಹೇಗೆ ತಿಳಿಯಿತೆಂದು ಕೇಳಿದ್ದಕ್ಕೆ, ಗುಳಿಗೆ ಕೊಡದ ಡಾಕ್ಟರು ಎಲ್ಲಿದ್ದಾರೆ, ತಪ್ಪದೆ ನುಂಗುವ ರೋಗಿ ಎಲ್ಲಿದ್ದಾರೆ ಎಂದು ಅಜ್ಜನವರು ನಕ್ಕರು. ಮನಸ್ಸೂ ಮೈಯೇ, ಅದಕ್ಕೂ ಔಷಧವಿದ್ದರೆ ನಾಚಿಕೆ ಯಾಕೆ ಎಂದರು.

ಮುಂದಿನ ಮಂಗಳವಾರ ಖಾನಾವಳಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಮೇಲೆ ರಟ್ಟಿನ ತುಂಡಿನಲ್ಲಿ ಕಾಶವ್ವನ ಅಕ್ಷರ: ‘ಇವತ್ತು ಒಲಿ ಇಲ್ಲ. ಅವ್ವನ ಕಡೆ ಹೋಗೀನಿ.’ ಊಟಕ್ಕೆ ಬಂದವರು ಓದಿ ತಿರುಗಿ ಹೋದರಂತೆ. ಅತ್ತ ಅವಳು ಅವ್ವನ ಸಮಾಧಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಬುತ್ತಿ ಬಿಚ್ಚಿ, ಅವ್ವ ಕಲಿಸಿದ ರೊಟ್ಟಿಯನ್ನು ಅವ್ವನ ಎದುರೇ ಕುಳಿತು ಉಂಡಳು. ಇಳಿಹೊತ್ತಿನ ತನಕ ಅಲ್ಲೇ ಕುಳಿತಿದ್ದಳು.

ಹೆದರಿಕೆ ಅಂದಿಗೇ ಮಾಯವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ, ಅಜ್ಜನವರೂ ಒಪ್ಪುತ್ತಿರಲಿಲ್ಲ. ಆಮೇಲೂ ಬಂದಿತು. ಬಂದಾಗ ಕಾಶವ್ವ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬಂದ ನೆಂಟನನ್ನು ಕೂಡಿಸುವಂತೆ ಅದನ್ನು ಕೂಡಿಸಿಕೊಳ್ಳುತ್ತಿದ್ದಳು. ಗುಳಿಗೆಗಳು ಸಾಸಿವೆ ಡಬ್ಬಿಯ ಮುಂದೆ ಬಂದವು. ತಂಗೆವ್ವನನ್ನು ಜೊತೆ ಮಾಡಿಕೊಂಡು ಮನಸ್ಸಿನ ಡಾಕ್ಟರರ ಹತ್ತಿರವೂ ನಾಲ್ಕು ಸಲ ಹೋಗಿ ಬಂದಳು. ನೆಂಟ ಬರುವುದು ವಾರಕ್ಕೊಮ್ಮೆಯಾಯಿತು, ತಿಂಗಳಿಗೊಮ್ಮೆಯಾಯಿತು. ದೀಪಾವಳಿ ಪಾಡ್ಯ ಬಂತು, ಹೋಯಿತು. ಖಾನಾವಳಿ ಮುಚ್ಚಲಿಲ್ಲ. ಮುಚ್ಚುತ್ತೇನೆಂದು ಯಾವಾಗ ಹೇಳಿದ್ದೆ ಎಂದು ಕಾಶವ್ವ ಎಲ್ಲರನ್ನೂ ದಬಾಯಿಸಿದಳು.

ಸಂಕ್ರಾಂತಿ ಕಳೆದ ಒಂದು ಶನಿವಾರ ಅವಳು ಮತ್ತೆ ಹಾಲಗಟ್ಟಿಗೆ ಹೋದಳು. ಈ ಸಲ ಯಾವ ವಾದವನ್ನೂ ಜೋಡಿಸಿಕೊಂಡು ಹೋಗಿರಲಿಲ್ಲ. ಒಲೆಯ ಮುಂದೆ ಕುಳಿತಿದ್ದ ಅಜ್ಜನವರ ಪಾದಕ್ಕೆ ಹಣೆ ಮುಟ್ಟಿಸಿದಳು.

“ನಿಮ್ಮ ಓಣ್ಯಾಗಿನ ಆಕಿ ಹೆಂಗದಾಳ್ರಿ?” ಎಂದು ಅಜ್ಜನವರೇ ಕೇಳಿದರು.

“ಆರಾಮ ಅದಾಳ್ರಿ ಅಜ್ಜಾರ. ಆಕಿ ಅಂದ್ರ ನಾನ.”

“ಹೌದೇನು?” ಎಂದು ಅಜ್ಜನವರು ಹುಬ್ಬೇರಿಸಿದರು. ಅವರು ನಿಜವಾಗಿಯೂ ಅಷ್ಟು ಆಶ್ಚರ್ಯಪಟ್ಟಂತೆ ಕಂಡರೆಂದರೆ, ಮೊದಲೇ ಗೊತ್ತಿತ್ತೋ ಇಲ್ಲವೋ ಎಂಬುದು ಕಾಶವ್ವನಿಗೆ ಇಂದಿಗೂ ಬಗೆಹರಿದಿಲ್ಲ. ಅಂದು ಅವರು ಎಸರಿಟ್ಟೇ ರೊಟ್ಟಿ ಮಾಡಿದ್ದರು. ಅಂಚು ಮಾತ್ರ ಹಾಗೇ ದಪ್ಪ. ಕಾಶವ್ವ ಎರಡು ರೊಟ್ಟಿ ಉಂಡಳು, ಹೆಸರಿಡಲಿಲ್ಲ.

ಅಜ್ಜನವರು ಲಿಂಗೈಕ್ಯರಾಗಿ ಈಗ ಬಹಳ ವರ್ಷವಾಯಿತು. ಗುರುವಿನ ಮಾತು ಶಿಷ್ಯರಿಗೆ ಮುಟ್ಟಿತೋ ಇಲ್ಲವೋ ತಿಳಿಯಬೇಕಾದರೆ ಮಠದಲ್ಲಿ ಹುಡುಕಬಾರದು, ಶಿಷ್ಯರ ಅಂಗಡಿ ಮನೆಗಳಲ್ಲಿ ನೋಡಬೇಕು. ಮೊನ್ನೆ ಶ್ರಾವಣದಲ್ಲಿ, ಮಧ್ಯಾಹ್ನದ ಪಂಕ್ತಿ ತುಂಬಿದ ಹೊತ್ತಿಗೆ, ಖಾನಾವಳಿಯ ಕಾಯಂ ಗಿರಾಕಿ, ತಾಲೂಕು ಕಚೇರಿಯ ಗುಮಾಸ್ತ ಈಶ್ವರಪ್ಪ ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಡುತ್ತಿದ್ದುದನ್ನು ಕಾಶವ್ವ ಕಂಡಳು. ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಅವಳ ಕಣ್ಣು ಚುರುಕೇ. ಒಲೆ ಬಿಟ್ಟೆದ್ದು ಹೋಗಿ ಅವನ ಎದುರಿಗೆ ಕುಳಿತು, ಇಬ್ಬರ ನಡುವೆ ಒಂದು ಬೊಗಸೆ ಶೇಂಗಾ ಸುರಿದಳು. ಅವನು ಒಂದು ಕಾಯಿ ಸುಲಿದ, ಎರಡು ಸುಲಿದ, ತಲೆ ಎತ್ತದೆ ಮೆಲ್ಲಗೆ ಹೇಳಿದ.

“ನಮ್ಮ ಕಚೇರ್ಯಾಗ ಒಬ್ಬಾಂವ ಅದಾನ್ರಿ ಕಾಶವ್ವಾರ…”

ಒಳಗಿನಿಂದ ತಂಗೆವ್ವ, ಹಂಚಿನ ಮೇಲೆ ರೊಟ್ಟಿ ಸುಡುತ್ತಿದೆಯೆಂದು ಕೂಗಿಕೊಂಡಳು.

“ಸುಡಲಿ,” ಎಂದಳು ಕಾಶವ್ವ. “ಹೇಳ್ರಿ ಈಶ್ವರಪ್ಪನಾರ. ಏನಾಗೈತಿ ಆತಗ?”