ನಡುವಿನ ಜಾಗ

ಕೊರಿಯಾದ ಪಾಪ್ ತಂಡಗಳ ಹಾಗೆ ಕಾಡಿನಲ್ಲೂ ಒಂದು ತಂಡ ಕಟ್ಟುತ್ತೇನೆಂದು ನರಿ ಡಂಗುರ ಸಾರಿಸಿತು. ಬಂದ ನೂರಾರು ಹಕ್ಕಿಗಳಲ್ಲಿ ನಾಲ್ಕನ್ನು ಆರಿಸಿ, ಗಿಳಿ ಹಾಡಬೇಕು, ಪಾರಿವಾಳ ಚಂದ ಕಾಣಬೇಕು, ಗೊರವಂಕ ಮಾತಾಡಿ ನಗಿಸಬೇಕು, ಪಿಕಳಾರ ಕುಣಿಯಬೇಕು ಎಂದು ಕೆಲಸ ಹಂಚಿತು. ನರಿ ಅಳೆದು ಕೊಟ್ಟ ಕಾಳು ತಿಂದು, ಅರೆಹೊಟ್ಟೆಯಲ್ಲಿ ವರ್ಷಗಟ್ಟಲೆ ಕುಣಿದು ಎಲ್ಲರಿಗಿಂತ ಮುಂದೆ ಬಂದದ್ದು ಪಿಕಳಾರ. ರಂಗದ ನಡುವಿನ ಜಾಗ ಅದಕ್ಕೇ ಎಂದು ಗೊತ್ತಾಗಿತ್ತು. ಆ ಜಾಗಕ್ಕಾಗಿ ಅದು ಗೂಡನ್ನೇ ಮರೆತಿತ್ತು.

ರಂಗವೇರುವ ಹಿಂದಿನ ದಿನ ನರಿ ತಾಲೀಮಿನ ಮನೆಗೆ ಕತ್ತರಿ ತಂದಿತು. “ಎಲ್ಲರೂ ರೆಕ್ಕೆ ಚಾಚಿ. ಒಂದೇ ಅಳತೆಗೆ ಕತ್ತರಿಸುತ್ತೇನೆ. ಕುಣಿಯುವಾಗ ಒಬ್ಬರದು ಉದ್ದ, ಒಬ್ಬರದು ಗಿಡ್ಡ ಕಾಣಬಾರದು.”

“ಆಮೇಲೆ ಹಾರುವುದು ಹೇಗೆ, ಧಣಿ?” ಎಂದಿತು ಪಿಕಳಾರ.

“ಹಾರಿ ಎಲ್ಲಿಗೆ ಹೋಗಬೇಕು ನೀನು? ಇಷ್ಟವಿಲ್ಲದಿದ್ದರೆ ಹೊರಡು. ಬಾಗಿಲಾಚೆ ನೋಡು, ನಿನ್ನ ಜಾಗಕ್ಕೆ ಎಷ್ಟು ಹಕ್ಕಿಗಳು ಸಾಲುಗಟ್ಟಿವೆ!”

ಉಳಿದ ಮೂರೂ ತಲೆ ತಗ್ಗಿಸಿ ರೆಕ್ಕೆ ಚಾಚಿದವು. ಆ ಸಾಲು ಇರುವ ತನಕ ನರಿ ಯಾರ ಮಾತಿಗೂ ಬಗ್ಗುವುದಿಲ್ಲವೆಂದು ಪಿಕಳಾರಕ್ಕೆ ಆಗ ಹೊಳೆಯಿತು. ಅದು ನೇರ ಹೊರಗೆ ನಡೆದು, ಸಾಲಿನ ಮುಂದಿದ್ದ ಗುಬ್ಬಿಗೆ ಹಸಿವಿನ ಕಥೆಯನ್ನೂ ಕತ್ತರಿಯ ಕಥೆಯನ್ನೂ ಒಂದೂ ಬಿಡದೆ ಹೇಳಿತು.

ಗುಬ್ಬಿ ಕಣ್ಣರಳಿಸಿತು. “ಅಂದರೆ ನಿನ್ನ ಜಾಗ ಖಾಲಿಯಾಯಿತೇ, ಅಕ್ಕಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಓಡಿತು.

ಪಿಕಳಾರಕ್ಕೆ ಮೈಯೆಲ್ಲ ಉರಿಯಿತು. ಆದರೂ ಗುಬ್ಬಿಯ ಹಿಂದೆ ನಿಂತಿದ್ದ ಗೀಜಗನ ಎದುರು ಹೋಗಿ ನಿಂತು, “ತಮ್ಮಾ, ನೀನಾದರೂ ಪೂರ್ತಿ ಕೇಳು” ಎಂದು ಮತ್ತೆ ಮೊದಲಿನಿಂದ ಹೇಳತೊಡಗಿತು.