ತಂಡೇಲನ ಬಂಡೆಯ ಮೊದಲ ಗುಟುಕು

ಲಂಕೆಯ ಪಶ್ಚಿಮ ತೀರದಲ್ಲಿ, ತಿಮಿಂಗಿಲ ನೋಡಲು ಹೋಗುವ ದೋಣಿಗಳು ಮಧ್ಯಾಹ್ನ ತಂಗುವ ಒಂದು ಸಣ್ಣ ಕೊಲ್ಲಿ ಇದೆ. ಬಾಗಿದ ಬಿಳಿ ಮರಳು, ಅದರ ಹಿಂದೆ ತೆಂಗಿನ ತೋಪು, ಒಂದು ತುದಿಯಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತ ಮುದುಕನ ಹಾಗೆ ಒಂದು ಕರಿಬಂಡೆ. ಅಲ್ಲಿನವರು ಅದನ್ನು ತಂಡೇಲ್‌ಗಲ ಎನ್ನುತ್ತಾರೆ. ಗಲ ಎಂದರೆ ಅವರ ಭಾಷೆಯಲ್ಲಿ ಬಂಡೆ. ತಂಡೇಲ ಎಂಬುದು ನಮ್ಮ ಕರಾವಳಿಯಲ್ಲಿ ಹಡಗು ನಡೆಸುವ ಯಜಮಾನನಿಗೆ ಹೇಳುವ ಮಾತು. ಸಮುದ್ರ ಇಳಿದ ಹೊತ್ತಿನಲ್ಲಿ ಬಂಡೆಯ ಬುಡದ ಬಿರುಕಿನಿಂದ ಸಿಹಿನೀರು ಒಸರುತ್ತದೆ. ಉಬ್ಬರ ಬಂದರೆ ಉಪ್ಪುನೀರು ಅದನ್ನು ಮುಚ್ಚಿಬಿಡುತ್ತದೆ. ಈ ಸೋಜಿಗ ನೋಡಲೆಂದೇ ಜನ ಬರುತ್ತಾರೆ. ದೋಣಿಯವನು ದೊಡ್ಡದೊಂದು ಚಿಪ್ಪಿನಲ್ಲಿ ನೀರು ಹಿಡಿದು, ಯಾರಿಗೂ ಕೊಡುವ ಮೊದಲು, ಕತ್ತು ಹಿಂದಕ್ಕೆ ಬಾಗಿಸಿ, ತುಟಿ ತಾಗಿಸದೆ ಎತ್ತಿ ತಾನೇ ಒಂದು ಗುಟುಕು ಕುಡಿಯುತ್ತಾನೆ. ಬಂದವರಿಗೆ ಮೊದಲು ಕೊಡುವಷ್ಟು ಮರ್ಯಾದೆಯೂ ಇಲ್ಲವೇ ಎಂದು ನಮ್ಮ ಕಡೆಯಿಂದ ಹೋದವರು ಮೂಗು ಮುರಿಯುವುದುಂಟು. ಆ ಪದ್ಧತಿಯನ್ನು ಅಲ್ಲಿಗೆ ಕೊಂಡೊಯ್ದವನು ನಮ್ಮವನೇ ಎಂಬುದು ಅವರಿಗೆ ತಿಳಿಯದು.

ಹಿಂದೆ ಒಮ್ಮೆ ಬಸರೂರಿನಿಂದ ಅಕ್ಕಿ ತುಂಬಿಕೊಂಡು ಹೊರಟ ಹಾಯಿಹಡಗೊಂದಕ್ಕೆ ಜಟ್ಟಯ್ಯ ಎಂಬ ತಂಡೇಲನಿದ್ದ. ಗಾಳಿಯ ವಾಸನೆ ಹಿಡಿದು ದಿಕ್ಕು ಹೇಳುವ ಗಟ್ಟಿಗ. ಮನುಷ್ಯರ ವಿಷಯದಲ್ಲಿ ಮಾತ್ರ ಅವನ ಹೊಟ್ಟೆಯೊಳಗೆ ಸದಾ ಅನುಮಾನದ ಒಂದು ಹುಳ ಕೊರೆಯುತ್ತಿತ್ತು. ಅದು ಸುಮ್ಮನೆ ಹುಟ್ಟಿದ ಹುಳವಲ್ಲ. ಅವನ ತಂದೆ ಯಾವುದೋ ದೂರದ ಬಂದರಿನಲ್ಲಿ ಪರಿಚಯವಿಲ್ಲದವರು ನಗುನಗುತ್ತ ಕೊಟ್ಟ ಪಾನಕ ಕುಡಿದು ಮಲಗಿದವನು ಮತ್ತೆ ಏಳಲಿಲ್ಲ. ಬೆಳಗಾಗುವಷ್ಟರಲ್ಲಿ ಹಡಗಿನ ಸರಕೂ ಖಾಲಿಯಾಗಿತ್ತು. ಅಂದಿನಿಂದ ಜಟ್ಟಯ್ಯನ ಹಡಗಿಗೆ ಒಂದೇ ಕಟ್ಟಳೆ: ಪರಊರಿನಲ್ಲಿ ಯಾರು ಏನು ಕೊಟ್ಟರೂ ಕೊಟ್ಟವರು ಮೊದಲು ಕುಡಿಯಬೇಕು, ಆಮೇಲೆ ನಾವು. ಆ ಸಲ ಅವನ ತಮ್ಮ ಸುಕ್ರನೂ ಜೊತೆಗಿದ್ದ. ಆಗಷ್ಟೇ ಮೀಸೆ ಮೂಡಿದವನು, ಅವನದು ಮೊದಲ ಪ್ರಯಾಣ. ತಾಯಿ ಹಡಗು ನಿಲ್ಲುವ ಧಕ್ಕೆಯವರೆಗೆ ಬಂದು, "ಜಟ್ಟ, ಹ್ಯಾಂಗ್ ಕರ್ಕಂಡ್ ಹೋತ್ಯೋ ಹಾಂಗೇ ಕರ್ಕಂಡ್ ಬಾ" ಎಂದಷ್ಟೇ ಹೇಳಿ ತಿರುಗಿ ನೋಡದೆ ಹೋಗಿದ್ದಳು.

ಕನ್ಯಾಕುಮಾರಿ ದಾಟಿದ ಮೇಲೆ ಗಾಳಿ ಬಿದ್ದುಹೋಯಿತು. ಒಣಹಾಕಿದ ಸೀರೆಯ ಹಾಗೆ ಹಾಯಿ ಜೋತುಬಿತ್ತು. ನೀರಿನ ಪೀಪಾಯಿ ಯಾವಾಗ ಬಿರುಕು ಬಿಟ್ಟಿತೋ, ನೋಡುವಾಗ ತಳದಲ್ಲಿ ಪಸೆ ಮಾತ್ರ ಉಳಿದಿತ್ತು. ಅದನ್ನೂ ಯಾರೋ ಬೇಕೆಂದೇ ಒಡೆದರೆಂದು ಜಟ್ಟಯ್ಯ ಎರಡು ದಿನ ಹಡಗಿನ ಆಳುಗಳಾದ ತನ್ನ ಇಬ್ಬರು ಖಲಾಸಿಗಳ ಮುಖವನ್ನೇ ನೋಡುತ್ತ ಕೂತಿದ್ದನಂತೆ. ನಾಲ್ಕನೆಯ ದಿನ ಸೆಳವು ಹಡಗನ್ನು ಈ ಕೊಲ್ಲಿಗೆ ತಂದು ಬಿಟ್ಟಿತು. ಖಲಾಸಿಗಳು ಸುಕ್ರನನ್ನು ಎತ್ತಿ ತಂದು ಬಂಡೆಯ ನೆರಳಿನಲ್ಲಿ ಮಲಗಿಸಿದರು. ಅವನ ತುಟಿ ಒಡೆದಿತ್ತು, ನಾಲಿಗೆ ಊದಿತ್ತು. ಇಂದಿನ ತೆಂಗಿನ ತೋಪು ಆಗ ಇರಲಿಲ್ಲ. ಇದ್ದಿದ್ದರೆ ಒಂದು ಎಳನೀರಿನಲ್ಲಿ ಈ ಕತೆ ಮುಗಿದುಹೋಗುತ್ತಿತ್ತು.

ಮೇಲಿನ ಗುಡಿಸಲಿನಿಂದ ಮೆಣಿಕೆ ಎಂಬ ಹೆಂಗಸು ಇವರನ್ನು ಕಂಡು ಮಣ್ಣಿನ ಕೊಡ ಹೊತ್ತುಕೊಂಡು ಓಡಿ ಬಂದಳು. ಚಿಪ್ಪಿನಲ್ಲಿ ನೀರು ಬಗ್ಗಿಸಿ ಸುಕ್ರನ ಬಾಯಿಗೆ ಹಿಡಿಯಲು ಹೋದಾಗ ಜಟ್ಟಯ್ಯ ಅಡ್ಡ ನಿಂತು, ನೀನು ಮೊದಲು ಕುಡಿ ಎಂದು ಸನ್ನೆ ಮಾಡಿದ. ಅವಳು ಬೆಚ್ಚಿ, ಬಾಯಿಗೆ ಕೈ ಮುಚ್ಚಿಕೊಂಡು ಹಿಂದೆ ಸರಿದಳು. ಬಾಯಾರಿ ಬಂದವನ ಗಂಟಲು ನೆನೆಯುವ ಮೊದಲು ಮನೆಯವರು ನೀರು ಮುಟ್ಟುವುದೆಂದರೆ ಆ ತೀರದಲ್ಲಿ ಅತಿಥಿಯನ್ನು ಭಿಕ್ಷುಕನೆಂದು ಹಳಿದ ಹಾಗೆ. ಅದು ಜಟ್ಟಯ್ಯನಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಕಂಡದ್ದು, ಕೊಡುವವಳು ಕುಡಿಯಲು ಹೆದರಿದಳು ಎಂಬುದಷ್ಟೇ. ಎಲ್ಲಿಯ ನೀರು ಎಂದು ಕೈ ಆಡಿಸಿ ಕೇಳಿದ. ಅವಳು ಬಂಡೆಯ ಬುಡ ತೋರಿಸಿದಳು. ಅಷ್ಟರಲ್ಲಿ ಉಬ್ಬರ ಏರಿತ್ತು. ಅವನು ಹೋಗಿ ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿದರೆ ಬರೀ ಉಪ್ಪು. ಮೋಸವೆಂಬುದು ಅವನಿಗೆ ಖಾತ್ರಿಯಾಯಿತು.

"ಅಣ್ಣಾ, ವಿಷ ಆದ್ರೂ ಅಡ್ಡಿಲ್ಲೆ. ತಣ್ಣಗಿತ್ತಲ, ಒಂದ್ ಗುಟುಕ್ ಕೊಡ್" ಎಂದ ಸುಕ್ರ.

"ಸುಮ್ನಿರ್. ಅಪ್ಪಯ್ಯನಿಗೂ ಹೀಂಗೇ ನಗಾಡ್ತಾ ಕೊಟ್ಟದ್ದ್."

ಮೆಣಿಕೆ ನಗುತ್ತಿರಲಿಲ್ಲ. ಹುಡುಗನ ಕಣ್ಣಾಲಿ ಮೇಲೆ ಹೋಗುವುದನ್ನು ಕಂಡು ಅವಳು ಅಳುತ್ತಿದ್ದಳು. ಕೊನೆಗೆ ಹುಟ್ಟಿದಾರಭ್ಯ ಕಲಿತದ್ದನ್ನೆಲ್ಲ ಬದಿಗಿಟ್ಟು, ನಾಚಿಕೆಯಿಂದ ಮುಖ ತಿರುಗಿಸಿ, ಚಿಪ್ಪಿಗೆ ತುಟಿಯಿಟ್ಟು ಒಂದು ಗುಟುಕು ಕುಡಿದಳು. ಕುಡಿದು ಚಿಪ್ಪನ್ನು ಮುಂದೆ ಚಾಚಿದಳು. ಜಟ್ಟಯ್ಯನ ಕೈ ಅದರ ಹತ್ತಿರದವರೆಗೆ ಹೋಯಿತು, ಅಲ್ಲೇ ನಿಂತಿತು. ಅವನು ಹುಟ್ಟಿದ ಊರಿನಲ್ಲಿ ಎತ್ತಿ ಕುಡಿಯುವುದು ಕ್ರಮ. ತುಟಿ ತಾಗಿದ್ದು ಎಂಜಲು. ಎಂಜಲೆಂಬ ನೆವ ಮುಗಿಯುವ ಮೊದಲೇ ಇನ್ನೊಂದು ಅನುಮಾನ ತಲೆಯೆತ್ತಿತು: ಮುಖ ತಿರುಗಿಸಿ ಕುಡಿದಳಲ್ಲ, ಗಂಟಲಿಗೆ ಇಳಿದದ್ದನ್ನು ಕಂಡವರು ಯಾರು? ಇಳಿದಿದ್ದರೂ ವಿಷ ಏರಲು ಹೊತ್ತು ಬೇಡವೇ? ಅವಳು ಕುಸಿದು ಬೀಳುತ್ತಾಳೋ ಇಲ್ಲವೋ ನೋಡೋಣ ಎಂದು ಅವನು ಎದುರಿಗೇ ಬಂಡೆಯ ಮೇಲೆ ಕೂತ. ಅವಳು ಸುಕ್ರನತ್ತ ಹೆಜ್ಜೆ ಇಟ್ಟಾಗಲೆಲ್ಲ ಗದರಿಸಿದ. ಖಲಾಸಿಗಳು ಅವನ ಮಾತು ಮೀರುವವರಲ್ಲ. ಬಂಡೆಯ ನೆರಳು ಒಂದು ಮಾರು ಸರಿಯಿತು. ಮೆಣಿಕೆ ಬೀಳಲಿಲ್ಲ. ಈಗ ಸರಿ, ಈಗ ಕೊಡಬಹುದು ಎಂದು ಜಟ್ಟಯ್ಯ ಚಿಪ್ಪು ತೆಗೆದುಕೊಂಡು ತಿರುಗಿದಾಗ ಸುಕ್ರನ ಬಾಯಿ ತೆರೆದೇ ಇತ್ತು. ಸುರಿದ ನೀರು ಒಳಗೆ ಇಳಿಯದೆ ಕೆನ್ನೆಯ ಮೇಲೆ ಹರಿದು ಮರಳಿಗೆ ಹೋಯಿತು.

ಆಮೇಲೆ ಜಟ್ಟಯ್ಯ ಚಿಪ್ಪಿನಲ್ಲಿ ಉಳಿದಿದ್ದ ಎಂಜಲು ನೀರನ್ನು ತಾನು ಕುಡಿದ. ಇದರಲ್ಲಿ ವಿಷವಿರಲಿ, ದೇವರೇ, ವಿಷವಿರಲಿ ಎಂದು ಬೇಡಿಕೊಳ್ಳುತ್ತ ಕುಡಿದ ಎನ್ನುತ್ತಾರೆ. ನೀರು ಸಿಹಿಯಾಗಿತ್ತು.

ಮರುದಿನ ಗಾಳಿ ಎದ್ದಿತು. ಖಲಾಸಿಗಳು ಊರಿಗೆ ಮರಳಿದರು. ಜಟ್ಟಯ್ಯ ಹಡಗು ಹತ್ತಲಿಲ್ಲ. ತಾಯಿಗೆ ತೋರಿಸಲು ಅವನ ಬಳಿ ಮುಖವಿರಲಿಲ್ಲ. ಬಂಡೆಯ ಮೇಲೆ ಗುಡಿಸಲು ಹಾಕಿಕೊಂಡು, ಮೂವತ್ತು ಮಳೆಗಾಲ, ಆ ದಾರಿಯಲ್ಲಿ ಬಂದ ಪ್ರತಿಯೊಂದು ಹಡಗಿಗೂ ನೀರು ಹೊತ್ತ. ಯಾರೂ ಕೇಳುವ ಮೊದಲೇ, ಎಲ್ಲರ ಎದುರಿಗೆ, ಕತ್ತು ಬಾಗಿಸಿ, ಗಂಟಲು ಏರಿಳಿಯುವುದು ಕಾಣುವ ಹಾಗೆ, ತುಟಿ ತಾಗಿಸದೆ ಒಂದು ಗುಟುಕು ತಾನು ಕುಡಿದು ತೋರಿಸಿ ಕೊಡುತ್ತಿದ್ದ. ಮೆಣಿಕೆಯ ಮಕ್ಕಳು ಅದನ್ನು ನೋಡಿ ಕಲಿತರು, ಅವರಿಂದ ಊರು ಕಲಿಯಿತು.

ಇಂದಿಗೂ ಅಲ್ಲಿಗೆ ಹೋದವರು ಬಂಡೆಯ ಮೇಲೆ ಮನುಷ್ಯನೊಬ್ಬ ಕೂರುವಷ್ಟು ಸವೆದ ಒಂದು ತಗ್ಗನ್ನು ನೋಡಬಹುದು. ದೋಣಿಯವನು ಮೊದಲ ಗುಟುಕು ತಾನು ಕುಡಿದು ಚಿಪ್ಪನ್ನು ಪ್ರವಾಸಿಗಳ ಮುಂದೆ ಹಿಡಿಯುತ್ತಾನೆ. ಅವರು ಅದನ್ನು ಮೂಸುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಬೇಡವೆಂದು ನಕ್ಕು ಚೀಲದಿಂದ ತಮ್ಮ ಬಾಟಲಿ ತೆಗೆಯುತ್ತಾರೆ. ಅವನಿಗೆ ಬೇಸರವಿಲ್ಲ. ಬಂಡೆಯ ಪಕ್ಕದಲ್ಲಿ ಮೊಣಕಾಲೆತ್ತರದ ಸುಣ್ಣದ ಕಲ್ಲೊಂದಿದೆ, ಅದಕ್ಕೆ ಸುಕ್ರನ ಕಲ್ಲು ಎನ್ನುತ್ತಾರೆ. ಚಿಪ್ಪಿನಲ್ಲಿ ಉಳಿದ ನೀರನ್ನು ಅವನು ಅದರ ಮೇಲೆ ಸುರಿಯುತ್ತಾನೆ. ರಂಧ್ರ ರಂಧ್ರವಾದ ಕಲ್ಲು, ಕೆಳಗೆ ಒಂದು ಹನಿಯೂ ಬೀಳುವುದಿಲ್ಲ. ಎಷ್ಟು ಸುರಿದರೂ ಆ ಕ್ಷಣವೇ ಕುಡಿದುಬಿಡುತ್ತದೆ.