ಚಂದ್ರನಿಗೆ ಬಳೆ ಇಟ್ಟು ನೋಡಿದ ಹಂಪವ್ವ

ಬೇವಿಗೆ ಇನ್ನೂ ಕಹಿ ಬಂದಿರದ ಕಾಲ ಅಂತಿಟ್ಟುಕೊಳ್ಳಿ. ನಮ್ಮ ಬಯಲಿನಲ್ಲಿ ಒಂದು ಊರು, ಆ ಊರಿಗೆ ಬಳೆ ಹೊತ್ತು ಬರುವವಳು ಹಂಪವ್ವ. ಅವಳ ಕೈಚಳಕ ಎಂಥದ್ದೆಂದರೆ, ಒಮ್ಮೆ ಪಾಳೇಗಾರರ ಆನೆಯ ಸೊಂಡಿಲಿಗೆ ಗಾಜಿನ ಬಳೆ ಏರಿಸಿದಳಂತೆ, ಒಂದೂ ಒಡೆಯಲಿಲ್ಲವಂತೆ. ಸುಳ್ಳು ಅನ್ನುವವರು ಆ ಆನೆಯನ್ನೇ ಕೇಳಿಕೊಳ್ಳಲಿ.

ಆ ಊರಿನ ಸಂಕವ್ವ ಚೊಚ್ಚಲ ಬಸುರಿ. ಹೊಟ್ಟೆ ಬಲು ದೊಡ್ಡದು. ಅದೇ ಅವಳಿಗೆ ಕುತ್ತಾಯಿತು. ಹುಣ್ಣಿಮೆಯ ಸಂಜೆ ಚಂದ್ರ ಜೋಳದ ಹೊಲದ ಅಂಚಿನಿಂದ ಏಳುವಾಗ ಒಕ್ಕಣೆಯ ಕಣದಷ್ಟು ಅಗಲ ಇರುತ್ತಿದ್ದ. ಸಂಕವ್ವ ಅಂಗಳಕ್ಕೆ ಬಂದು ಕೈಮುಗಿಯುತ್ತಿದ್ದಳು. ಊರವರು ಉಂಡು, ಎಲೆ ಅಡಿಕೆ ಹಾಕಿ, ಹರಟೆ ಹೊಡೆದು ತಲೆಯೆತ್ತುವ ಹೊತ್ತಿಗೆ ಅವನು ನೆತ್ತಿಯ ಮೇಲೆ ರೊಟ್ಟಿಯಷ್ಟಾಗಿರುತ್ತಿದ್ದ. ಮೊದಲೂ ಹಾಗೇ ಆಗುತ್ತಿತ್ತೋ ಏನೋ, ಯಾರು ನೋಡಿದ್ದರು? ಈಗ ಮೂರು ಹುಣ್ಣಿಮೆ ನೋಡಿದರಂತೆ. ಚಂದ್ರ ಕುಗ್ಗುತ್ತಾನೆ, ಇವಳ ಹೊಟ್ಟೆ ಹಿಗ್ಗುತ್ತದೆ. ಇವಳೇ ನುಂಗುತ್ತಿದ್ದಾಳೆ ಅಂದರಂತೆ. ತೆನೆಗೆ ಹಾಲು ತುಂಬುವವನೇ ಬರಿದಾದರೆ ಊರು ಏನು ತಿನ್ನಬೇಕು? ನಾಲ್ಕನೆಯ ಹುಣ್ಣಿಮೆಗೆ ಊರಗೌಡ ಪರ್ವತಗೌಡ ಗಾಡಿ ಕಟ್ಟಿಸಿ, ಬಸುರಿಯನ್ನು ಗಡಿಯಾಚೆ ಬಿಟ್ಟು ಬನ್ನಿ ಅಂದುಬಿಟ್ಟನಂತೆ.

ಗಾಡಿ ಬಂದಾಗ ಹಂಪವ್ವ ಸಂಕವ್ವನಿಗೆ ಬಸುರಿಯ ಹಸಿರು ಬಳೆ ತೊಡಿಸುತ್ತಿದ್ದಳು. ಎಡಗೈ ಮುಗಿದಿತ್ತು, ಬಲಗೈ ಬಾಕಿ. ಒಂದು ಕೈ ಬರಿದು ಬಿಟ್ಟು ಬಳೆಗಾರ್ತಿ ಏಳುವಂತಿಲ್ಲ, ಯಾರೂ ಎಬ್ಬಿಸುವಂತೆಯೂ ಇಲ್ಲ. ಬೇಗ ಮುಗಿಸು ಅಂದನಂತೆ ಗೌಡ. ಹಂಪವ್ವ ಆ ಬಲಗೈ ಹಿಡಿದುಕೊಂಡೇ ಕೂತಳು, ಬಳೆ ಮಾತ್ರ ಏರಿಸಲಿಲ್ಲ.

"ಗೌಡ್ರ, ಕಣ್ಣಿಗೆ ದಪ್ಪ ಕಂಡ ಕೈಗೆ ಎಷ್ಟೋ ಸಲ ಸಣ್ಣ ಬಳಿ ಕುಂತಾವು. ಬಳಿ ಇಟ್ಟು ನೋಡದ ಅಳತಿ ನಾ ನಂಬಂಗಿಲ್ಲ."

"ಚಂದ್ರಗೂ ಬಳಿ ಇಡತೀಯೇನು?"

"ಇಡತೀನಿ. ಒಂದು ಗಳ ತರಸ್ರಿ."

ಬಿದಿರಿನ ಗಳ ತಂದರು. ಹಂಪವ್ವ ಕೂತಲ್ಲಿಂದಲೇ ಅದರ ತುದಿಗೆ ಹಸುಗೂಸಿನ ಬಳೆ ಕಟ್ಟಿದಳು. ಬುಡಕ್ಕೆ ಕಣ್ಣಿಟ್ಟು, ಆಗತಾನೇ ಏಳುತ್ತಿದ್ದ ಚಂದ್ರನ ಕಡೆಗೆ ಹಿಡಿಸಿ, ಅವನು ಬಳೆಯೊಳಗೆ ಎಳ್ಳಷ್ಟೂ ಸಂದು ಬಿಡದೆ ಕೂರುವ ತನಕ ಬುಡ ಕಡಿಸುತ್ತ ಹೋದಳು. ಒಂಬತ್ತು ಮೊಳ ಉಳಿಯಿತಂತೆ. ಗೌಡನಿಗೂ ತೋರಿಸಿದಳು.

ಆಮೇಲೆ ಕಾದರು. ಎತ್ತುಗಳು ನೊಗದಲ್ಲೇ ನಿಂತಿದ್ದವು. ಹಂಪವ್ವ ಸಂಕವ್ವನ ಬಲಗೈ ಬಿಡಲಿಲ್ಲ. ಚಂದ್ರ ನೆತ್ತಿಗೆ ಬಂದ, ರೊಟ್ಟಿಯಷ್ಟಾದ. ಆಳುಗಳು ಅದೇ ಗಳವನ್ನು ನೆಟ್ಟಗೆ ಎತ್ತಿ ಹಿಡಿದರು. ಈಗ ಬುಡಕ್ಕೆ ಕಣ್ಣಿಡಬೇಕಾದರೆ ನೆಲಕ್ಕೆ ಮಲಗಬೇಕು. ಪರ್ವತಗೌಡ ರುಮಾಲು ತೆಗೆದಿಟ್ಟು, ಊರೆಲ್ಲ ನೋಡುತ್ತಿರುವಾಗ ಧೂಳಿನಲ್ಲಿ ಅಂಗಾತ ಮಲಗಿದನಂತೆ.

ಬುಡಕ್ಕೆ ಒಂದು ಕಣ್ಣಿಟ್ಟು, ಬಳೆಗೂ ಚಂದ್ರನಿಗೂ ನಡುವೆ ಸಂದು ಹುಡುಕಿದ. ಕೊನೆಗೆ ಎದೆ ಖಾಲಿಯಾಗುವಷ್ಟು ಉಸಿರು ಬಿಟ್ಟ.

"ಅಷ್ಟೇ ಅದಾನ."

ಚಂದ್ರ ಗಿಡ ಮನೆಗಳ ಸಾಲಿನಲ್ಲಿ ಕೂತಾಗ ದೊಡ್ಡವನಾಗಿ ಕಾಣುತ್ತಾನೆ, ಒಬ್ಬನೇ ಬಯಲಿಗೆ ಬಂದಾಗ ಸಣ್ಣವನಾಗಿ ಕಾಣುತ್ತಾನೆ, ಗೌಡರಿದ್ದ ಹಾಗೇ ಅಂದಳಂತೆ ಹಂಪವ್ವ. ಮೊದಲು ನಕ್ಕವನು ಗೌಡನೇ. ಎತ್ತು ಬಿಚ್ಚಿದರು. ಸಂಕವ್ವನ ಬಲಗೈ ತುಂಬಿತು. ತಿಂಗಳು ತುಂಬಿ ಅವಳಿ ಗಂಡುಮಕ್ಕಳು ಹುಟ್ಟಿದರು, ಹುಟ್ಟುತ್ತಲೇ ರೊಟ್ಟಿ ಕೇಳಿದರಂತೆ.

ಈಗಲೂ ಆ ಊರಲ್ಲಿ ಬಸುರಿಗೆ ಬಳೆ ತೊಡಿಸುವುದು ಹುಣ್ಣಿಮೆಗೇ. ಎಡಗೈ ತುಂಬಿದ ಮೇಲೆ ನಿಲ್ಲಿಸುತ್ತಾರೆ. ಊರಿನ ಹಿರಿಯ ಗಂಡಸು ಒಂಬತ್ತು ಮೊಳದ ಗಳದ ಕೆಳಗೆ ಮಲಗಿ, ಅಷ್ಟೇ ಇದ್ದಾನೆ ಅಂತ ಕೂಗಿ ಹೇಳಬೇಕು. ಅಲ್ಲಿಯ ತನಕ ಬಲಗೈಗೆ ಬಳೆ ಇಲ್ಲ. ಆ ಊರು ನನ್ನದೇ, ಹನ್ನೊಂದು ಸಲ ನಾನೇ ಮಲಗಿದ್ದೇನೆ. ಪ್ರತಿ ಸಲವೂ, ಕೂಗುವ ಮೊದಲು, ಬಳೆಗೆ ಕೂತ ಹೆಣ್ಣುಮಗಳು ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸುತ್ತದೆ.